ವಿಮಾನಕ್ಕೊಂದು ಹಲಗೆ

ಗೆಣ್ಣಿನಿಂದ ಕುಟ್ಟಿ ನೋಡದೆ ಯಾವ ವಸ್ತುವನ್ನೂ ನಂಬುವ ಪದ್ಧತಿ ನಮ್ಮ ಹೊನ್ನಾವರದ ಕಡೆ ಇಲ್ಲ. ತೆಂಗಿನಕಾಯಿ, ಹಲಸಿನಹಣ್ಣು, ಮಡಕೆ, ದೋಣಿ ಎಲ್ಲವೂ ಈ ಮುಷ್ಟಿಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಹೀಗಿರುವಾಗ ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುವ ನನ್ನ ಹೆಂಡತಿಯ ತಮ್ಮ ವಾಸುದೇವ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಪುಟ್ಟ ವಿಮಾನವೊಂದನ್ನು ತರಿಸಿ ಶೆಡ್ಡಿನಲ್ಲಿ ಜೋಡಿಸತೊಡಗಿದರೆ ಊರಿನವರು ಸುಮ್ಮನಿರುತ್ತಾರೆಯೇ? ಬಂದವರೆಲ್ಲ ಕುಟ್ಟಿದರು. ಅದು ಖಾಲಿ ಎಣ್ಣೆ ಡಬ್ಬದಂತೆ ಸದ್ದು ಮಾಡಿತು.

ಅದರ ವಿನ್ಯಾಸವೇ ಹಾಗೆ, ಓದುಗ ಮಹಾಶಯರೇ. ಕೆಳಗಿನ ಊರು ಚೆನ್ನಾಗಿ ಕಾಣಲೆಂದು ರೆಕ್ಕೆ ತಲೆಯ ಮೇಲೆ. ಬಯಲಲ್ಲೂ ಇಳಿಯಲೆಂದು ದಪ್ಪ ಚಕ್ರ. ಅಕ್ಕಪಕ್ಕ ಎರಡು ಆಸನ, ಹಿಂದೆ ಸಾಮಾನಿಗೆ ಜಾಗ. ಉಳಿದದ್ದೆಲ್ಲ ತೆಳು ಅಲ್ಯೂಮಿನಿಯಂ ತಗಡು ಮತ್ತು ರಿವೆಟ್ಟು. ಎರಡನೆಯ ಆಸನ ನನಗೆಂದು ವಾಸುದೇವ ಮಾತು ಕೊಟ್ಟಿದ್ದ. ಇಷ್ಟು ಕಾಲ ಭೂಮಿಗೆ ಭಾರವಾಗಿಯೇ ಬದುಕಿದ ನಾನು, ಶರಾವತಿ ಕಡಲು ಸೇರುವುದನ್ನು ಒಮ್ಮೆಯಾದರೂ ಮೇಲಿನಿಂದ ನೋಡಬೇಕೆಂದು ಹಂಬಲಿಸಿ, ಮೀನುಸಾರು ಬಿಟ್ಟು ಗಂಜಿಗೆ ಇಳಿದಿದ್ದೆ.

ವಾಸುದೇವ ಬೋಲ್ಟು ತರಲು ಕುಮಟೆಗೆ ಹೋಗಿದ್ದ ದಿನ, ಶರಾವತಿಯ ನಡುಗಡ್ಡೆಯಾದ ಮಾವಿನಕುರ್ವೆಯಲ್ಲಿ ದೋಣಿ ಕಟ್ಟುವ ನನ್ನ ಹಳೆಯ ಗೆಳೆಯ ಸುಬ್ರಾಯ ಆಚಾರಿ ಬಂದ. ನನ್ನ ಆಸನದ ಅಡಿಯಲ್ಲಿ ಕುಟ್ಟಿ, ನನ್ನ ಹೊಟ್ಟೆಯನ್ನು ಕಣ್ಣಲ್ಲೇ ಅಳೆದು, “ಎಂತ ಮಾಸ್ತರೇ, ಈ ತಗಡು ನಿಮ್ಮನ್ನ ತಡಿತದಾ?” ಎಂದ. ದೋಣಿಯ ಶಾಸ್ತ್ರದಲ್ಲಿ ಅನುಮಾನ ಬಂದಲ್ಲಿ ಒಂದು ಹಲಗೆ ಹೆಚ್ಚಿಗೆ ಬಡಿಯುವುದೇ ಸ್ನೇಹಧರ್ಮ. ಜೀವಮಾನವಿಡೀ ಗಣಿತ ಕಲಿಸಿದ ನಾನು ತಡೆಯಬೇಕಿತ್ತು, ಜೀವಭಯದಿಂದ ಹೂಂ ಎಂದು ತಲೆಯಾಡಿಸಿದೆ. ಸಂಜೆಯೊಳಗೆ ಸಾಗವಾನಿಯ ದಪ್ಪ ಹಲಗೆಯೊಂದು ಆಸನದಡಿ ಭದ್ರವಾಗಿ ಕೂತಿತು.

ಮೀನುಪೇಟೆಯಿಂದ ತಂದ ತೂಕದ ಯಂತ್ರಗಳ ಮೇಲೆ ಚಕ್ರಗಳನ್ನಿಟ್ಟು, ವಾಸುದೇವ, ನಾನು ಇಬ್ಬರೂ ಹತ್ತಿ ಕೂತು ತೂಗಿಸಿದ ದಿನ ಗುಟ್ಟು ರಟ್ಟಾಯಿತು. ತೂಕ ಮಿತಿ ಮೀರಿತ್ತು. ವಾಸುದೇವ ಹುಡುಕಿ ಹುಡುಕಿ ಹಲಗೆಯನ್ನು ಕಂಡ. “ಭಾವ, ಒಂದೋ ಇದು ಇಳೀಬೇಕು, ಇಲ್ಲಾ ನೀವು ಇಳೀಬೇಕು” ಎಂದ. ಪಕ್ಕದಲ್ಲಿ ನಿಂತಿದ್ದ ಆಚಾರಿಯ ಮುಖ ಬಾಡಿಹೋಯಿತು. ವಿಮಾನದ ನಕ್ಷೆಯಲ್ಲಿ ರಿವೆಟ್ಟಿನ ತೂಕಕ್ಕೂ ಲೆಕ್ಕವಿತ್ತು, ಗೆಳೆಯನ ಅಕ್ಕರೆಗೆ ಮಾತ್ರ ಇರಲಿಲ್ಲ. ನನ್ನ ಜೀವ ಉಳಿಯಲೆಂದೇ ಅವನು ಕೆತ್ತಿದ ಹಲಗೆಯನ್ನು ಅವನ ಕಣ್ಣೆದುರೇ ಕಿತ್ತೆಸೆದು ಹಾರುವಷ್ಟು ಕಲ್ಲೆದೆ ನನಗಿರಲಿಲ್ಲ. ನಾನೇ ಇಳಿದೆ.

“ನೀನೇ ಕೂತ್ಕ ಮಾರಾಯ” ಎಂದೆ.

ಕಡ್ಡಿಯಂಥ ಆಚಾರಿ ಕೂತ. ಅಂಕಿ ಮಿತಿಯೊಳಗೆ ನಿಂತಿತು. ಅವನು ಹೊರಗೆ ಕತ್ತು ಚಾಚಿ, “ಮಾಸ್ತರೇ, ಮೇಲಿಂದ ನಮ್ಮ ಕುರ್ವೆ ಪೂರ್ತಿ ಕಾಣ್ತದಾ?” ಎಂದು ಕೇಳಿದ.

ಕಾಣುತ್ತದೆ ಎಂದೆ. ಹೊಟ್ಟೆಕಿಚ್ಚಿಗೆ ಹೊಟ್ಟೆ ಕರಗುವುದೇ ಆಗಿದ್ದರೆ, ಆ ಕ್ಷಣವೇ ನಾನು ಹಲಗೆಯ ಸಮೇತ ತೂಕಕ್ಕೆ ಸರಿಹೋಗುತ್ತಿದ್ದೆ.