ಗೋಡೆಯಾಚೆಯ ಅರ್ಧ ಪ್ರಾರ್ಥನೆ

ಹೊನ್ನಾವರ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಏಳಕ್ಕೆ ಮೊದಲು ಪತ್ರಿಕೆಗೆ ಇದನ್ನು ಬರೆದು ಮುಗಿಸಬೇಕು. ಏಳಕ್ಕೆ ಬೇರೆ ಕೆಲಸವಿದೆ.

ನನಗೆ ದಿನಚರಿ ಬರೆಯುವ ಅಭ್ಯಾಸ. ಪುಟದ ಎಡಕ್ಕೆ ಹಾಕಿದ ಅರ್ಜಿಗಳು, ಬಲಕ್ಕೆ ಬಂದ ಉತ್ತರಗಳು. ಕಳೆದ ವರ್ಷದ ಮಳೆಗಾಲದಲ್ಲಿ ಎಡಗಡೆ ಹತ್ತೊಂಬತ್ತು ಗೆರೆಗಳಿದ್ದವು, ಬಲಗಡೆ ಎರಡು. ಎರಡೂ ಸದ್ಯಕ್ಕೆ ಬೇಡ ಎಂದಿದ್ದವು.

ಅದಕ್ಕೂ ಮೊದಲು ಬಂದರಿನ ಬಳಿಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಬಿಲ್ ಬರೆಯುತ್ತಿದ್ದೆ. ಮೀನು ಕಡಿಮೆಯಾಗಿ ಬೋಟುಗಳು ದಡದಲ್ಲೇ ನಿಂತ ಮೇಲೆ ಮಾಲಕರು ಅದನ್ನು ಮುಚ್ಚಿದರು. ಆಮೇಲೆ ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೌಂಟರಿಗೆ ಕುಳಿತೆ. ಐದನೇ ತಿಂಗಳಿಗೆ ಅಂಗಡಿಯವರ ಅಳಿಯ ದುಬೈ ಬಿಟ್ಟು ಊರಿಗೆ ಬಂದ. ಅಂಗಡಿಯವರು ಒಳ್ಳೆಯವರು, ಮನೆಗೆ ಕರೆದು ಊಟ ಹಾಕಿ, ನನ್ನ ಮುಖ ನೋಡಲಾರದೆ ಕಳಿಸಿದರು. ಕುಮಟಾದ ಒಂದು ಖಾಸಗಿ ಶಾಲೆಯವರು ಕಂಪ್ಯೂಟರ್ ಕಲಿಸಲು ಬಾ ಎಂದು ಹೇಳಿ, ಶಾಲೆ ಶುರುವಾಗುವ ವಾರದಲ್ಲಿ ಮಕ್ಕಳು ಕಡಿಮೆ ಎಂದರು. ಅಪ್ಪ, ಅಮ್ಮ ಇಬ್ಬರೂ ಇಲ್ಲ. ಅಕ್ಕ ಕುವೈತಿನಲ್ಲಿ ನರ್ಸ್. ಫೋನ್ ಮಾಡಿದಾಗಲೆಲ್ಲ ಕೆಲಸ ಹೇಗಿದೆ ಎಂದು ಕೇಳುತ್ತಿದ್ದಳು. ಪರವಾಗಿಲ್ಲ ಎನ್ನುತ್ತಿದ್ದೆ.

ಆ ಜೂನಿನಲ್ಲಿ ಈ ಬಾಡಿಗೆ ಮನೆಗಳ ಚಾಳಿಗೆ ಬಂದೆ. ಒಂದೇ ಸಾಲಿನಲ್ಲಿ ಆರು ಖೋಲಿಗಳು, ಮೇಲೆ ಒಂದೇ ಹಂಚಿನ ಮಾಡು. ನಡುವಿನ ಗೋಡೆಗಳು ಮಾಡಿನ ತನಕ ಹೋಗುವುದಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತವೆ. ಹಾಗಾಗಿ ಒಬ್ಬರ ಮೀನು ಹುರಿಯುವ ವಾಸನೆ, ಇನ್ನೊಬ್ಬರ ಕೆಮ್ಮು, ಮತ್ತೊಬ್ಬರ ಟಿವಿ ಎಲ್ಲವೂ ಎಲ್ಲರದು.

ಮೊದಲ ಸಂಜೆಯೇ ಏಳಕ್ಕೆ ಎಡಗಡೆಯ ಖೋಲಿಯಿಂದ ಜಪಸರದ ಪ್ರಾರ್ಥನೆ ಕೇಳಿತು. ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ನಡೆಯುವ ಪ್ರಾರ್ಥನೆ. ಕೊಂಕಣಿಯಲ್ಲಿ ತೇರ್ಸು ಎನ್ನುತ್ತೇವೆ. ಹತ್ತು ಹತ್ತು ಮಣಿಗಳ ಐದು ಭಾಗಗಳು. ಪ್ರತಿ ಮಣಿಗೂ ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳಬೇಕು, ಉಳಿದವರು ಕೂಡಿ ಮಿಕ್ಕ ಅರ್ಧ. ಒಬ್ಬರೇ ಇದ್ದರೆ ಎರಡನ್ನೂ ತಾವೇ ಹೇಳಿಕೊಳ್ಳುತ್ತಾರೆ. ಗೋಡೆಯಾಚೆಯ ಹೆಂಗಸು ಹಾಗೆ ಮಾಡಲಿಲ್ಲ. ಮೊದಲ ಅರ್ಧ ಹೇಳಿ ನಿಲ್ಲುತ್ತಿದ್ದರು. ಮಿಕ್ಕದ್ದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮುಂದಿನ ಮಣಿ. ಹೀಗೇ ಕೊನೆಯ ತನಕ.

ಬಾವಿಕಟ್ಟೆಯಲ್ಲಿ ಕಾರಣ ತಿಳಿಯಿತು. ಬಲಗಡೆಯ ಖೋಲಿಯ, ಮೀನು ಮಾರುವ ಅಕ್ಕ ಹೇಳಿದಳು. ಎಡಗಡೆಯ ಖೋಲಿಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ, ಇಬ್ಬರಿಗೂ ಮದುವೆಯಿಲ್ಲ. ಅಕ್ಕ ಮುಂಬಯಿಯ ಮನೆಗಳಲ್ಲಿ ಅಡುಗೆ ಮಾಡಿ ಬಂದವರು, ತಂಗಿ ಬಟ್ಟೆ ಹೊಲಿಯುತ್ತಿದ್ದವರು. ಆ ವರ್ಷ ಈಸ್ಟರಿಗೆ ಮೊದಲು ತಂಗಿ ತೀರಿಕೊಂಡಿದ್ದರು.

ನಾನು ಆಗ ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುವುದನ್ನು ಬಿಟ್ಟಿದ್ದೆ. ಜನ ಕೆಲಸದ ವಿಷಯ ಕೇಳುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು, ಅಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸುತ್ತಿರಲಿಲ್ಲ. ಹಾಕಿದ ಅರ್ಜಿಗೂ ಮಾಡಿದ ಪ್ರಾರ್ಥನೆಗೂ ಬಲಗಡೆಯ ಜಾಗ ಖಾಲಿಯೇ.

ಆಗಸ್ಟಿನ ಒಂದು ಶುಕ್ರವಾರ ಕುಮಟಾದಲ್ಲಿ ಸಂದರ್ಶನ ಮುಗಿಸಿ ಬಂದೆ. ಕೆಲಸ ಯಾರಿಗೆಂದು ಮೊದಲೇ ಠರಾವಾಗಿತ್ತು ಎಂದು ಹೊರಗೆ ಕುಳಿತವರೇ ಹೇಳಿದರು. ಬಸ್ಸು ಧಾರೇಶ್ವರ ದಾಟುವಾಗ, ಇಲ್ಲೇ ಇಳಿದು ಸಮುದ್ರದ ಕಡೆ ನಡೆದುಬಿಟ್ಟರೆ ಯಾರು ಹುಡುಕುತ್ತಾರೆ ಎಂದು ಯೋಚಿಸಿದೆ. ಕಂಡಕ್ಟರ್ ಚಿಲ್ಲರೆ ಕೊಡಲು ಬಂದರು. ಇಳಿಯಲಿಲ್ಲ.

ಖೋಲಿಗೆ ಬಂದು ದೀಪ ಹಾಕದೆ ಮಲಗಿದ್ದೆ. ಏಳಾಯಿತು. ಗೋಡೆಯಾಚೆ ಅವರು ಮೊದಲ ಅರ್ಧ ಹೇಳಿ ನಿಂತರು. ನನ್ನ ಬಾಯಿ ಮಿಕ್ಕ ಅರ್ಧ ಹೇಳಿತು. ನಾನು ಹೇಳಬೇಕೆಂದುಕೊಂಡಿರಲಿಲ್ಲ, ಚಿಕ್ಕಂದಿನಿಂದ ಹೇಳಿ ಹೇಳಿ ನಾಲಿಗೆಗೆ ಅದು ಗೊತ್ತಿದ್ದ ದಾರಿ. ಆಮೇಲೆ ಮುಂದಿನ ಮಣಿ ಬಂತು, ಮೊದಲಿಗಿಂತ ಗಟ್ಟಿಯಾಗಿ. ಐದೂ ಭಾಗ ಮುಗಿಯಿತು. ತೇರ್ಸು ಮುಗಿದ ಮೇಲೆ ಕಿರಿಯರು ಹಿರಿಯರ ಹತ್ತಿರ ಆಶೀರ್ವಾದ ಕೇಳುವುದು ನಮ್ಮ ಪದ್ಧತಿ. ನಾನು ಕೇಳಲಿಲ್ಲ. ಗೋಡೆಯ ಮೇಲಿನಿಂದ ತಾನಾಗಿ ಬಂತು.

“ದೇವ್ ಬರೆಂ ಕರುಂ, ಪುತಾ.”

ದೇವರು ಒಳ್ಳೆಯದು ಮಾಡಲಿ, ಮಗಾ. ಅಮ್ಮ ಹೋದ ಮೇಲೆ ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ಮರುದಿನ ಬಾವಿಯ ಹತ್ತಿರ ಅವರು ಕೊಡ ಇಳಿಸಿ ನನ್ನನ್ನು ನೋಡಿದರು. ಎಲ್ಲರೆದುರು ಚಾಳಿನ ಕನ್ನಡದಲ್ಲೇ ಕೇಳಿದರು.

“ತೇರ್ಸಿನ ನಾಲ್ಕನೇ ಭಾಗದಲ್ಲಿ ಎಂತಕ್ಕೆ ಓಡಿದ್ದು ನೀನು? ಭಟ್ಕಳದ ಬಸ್ಸು ಹೊರಟಿತ್ತಾ?”

ಮೀನಿನ ಅಕ್ಕ ನಕ್ಕಳು. ಗೋಡೆ ಒಡೆದು ಒಂದೇ ಖೋಲಿ ಮಾಡಿಕೊಳ್ಳಿ, ಬಾಡಿಗೆಯಾದರೂ ಉಳಿಯುತ್ತದೆ ಎಂದಳು. ಅವಳು ಹೋಗುವ ತನಕ ಕಾದು ನಾನು ನಿಜ ಹೇಳಿದೆ.

“ಮಾವ್ಶಿ, ನನಗೆ ನಂಬಿಕೆ ಎಂತದೂ ಇಲ್ಲ. ಬಾಯಿಗೆ ಬಂತು, ಹೇಳ್ದೆ.”

ಅವರು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. “ತಂಗಿ ಪಾಲು ನಾನೇ ಹೇಳಿಬಿಟ್ರೆ ಅವಳು ಹೋದದ್ದು ಖರೆ ಆಗ್ತದೆ ಅಂತ ಬಿಟ್ಟು ಕೂತಿದ್ದೆ. ನೀನು ಹೇಳ್ದಾಗ ಮೊದ್ಲು ಸಿಟ್ಟು ಬಂತು. ಆಮೇಲೆ ಅನ್ನಿಸ್ತು, ದೇವರು ಒಬ್ಬನ್ನ ಕಳ್ಸಿದ್ದಾನೆ, ಅವನ ನಂಬಿಕೆ ತೂಗಿ ನೋಡೂಕೆ ನಾನ್ಯಾರು? ಇಲ್ದಿದ್ರೆ ಇಲ್ಲ. ಏಳಕ್ಕೆ ಇರು. ಆತಾ?”

ಆತು ಎಂದೆ.

ಅಂದಿನಿಂದ ದಿನಚರಿಯಲ್ಲಿ ಮೂರನೆಯ ಸಾಲು ಶುರುವಾಯಿತು. ಏಳಕ್ಕೆ ಇದ್ದ ದಿನ ಒಂದು ಗೆರೆ. ಹಂಚಿನ ಮೇಲೆ ಮಳೆ ಜೋರಾದಾಗ ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ. ಇಬ್ಬರೂ ನಿಂತು, ಮಳೆ ಇಳಿದ ಮೇಲೆ ಬಿಟ್ಟ ಮಣಿಯಿಂದ ಮುಂದುವರಿಸುತ್ತಿದ್ದೆವು. ಐದನೇ ಭಾಗವನ್ನು ಅವರು ಪ್ರತಿದಿನ ನನ್ನ ಕೆಲಸಕ್ಕೆಂದು ಒಪ್ಪಿಸುತ್ತಿದ್ದರು. ಒಂದು ದಿನ ನನ್ನ ಜೊತೆಗೆ, ನಾನು ಅವರೆದುರು ಬೈದುಕೊಂಡಿದ್ದ ಭಟ್ಕಳದ ಅಂಗಡಿಯವರ ಅಳಿಯನನ್ನೂ ಸೇರಿಸಿದರು. ನನ್ನ ಬಾಯಿ ಕಟ್ಟಿಹೋಯಿತು. ಅವರೂ ಮುಂದಿನ ಮಣಿಗೆ ಹೋಗಲಿಲ್ಲ, ಕಾದರು. ಕೊನೆಗೆ ಗೋಡೆಯಾಚೆಯಿಂದ ಮೆಲ್ಲಗೆ ಹೇಳಿದರು: “ಆ ಹುಡುಗನೂ ದುಬೈಲಿ ಕೆಲಸ ಹೋಗಿಯೇ ಅಲ್ವಾ ಬಂದದ್ದು?” ಅದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಅವನಿಗಾಗಿಯೂ ಹೇಳಿದೆ.

ಫೆಬ್ರವರಿಯಲ್ಲಿ ಭಟ್ಕಳದ ಒಂದು ಹೋಟೆಲಿನವರು ಒಂದು ವಾರ ನೋಡೋಣ ಎಂದು ಕರೆದರು. ಅಲ್ಲೇ ಉಳಿಯಬೇಕಿತ್ತು. ಹೋಗು ಎಂದು ಮಾವ್ಶಿಯೇ ದೂಡಿ ಕಳಿಸಿದರು. ಏಳಕ್ಕೆ ಅಲ್ಲಿಂದಲೇ ಹೇಳು, ನಾನು ಇಲ್ಲಿಂದ ಹೇಳ್ತೆ ಎಂದರು. ವಾರ ಮುಗಿಸಿ ಬಂದಾಗ ಎಡಗಡೆಯ ಬಾಗಿಲಿಗೆ ಬೀಗವಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತಂತೆ. ಸಂಬಂಧದ ಹುಡುಗನೊಬ್ಬ ಕಾರು ತಂದು ಕರೆದುಕೊಂಡು ಹೋದನಂತೆ. ಎಲ್ಲಿಗೆ ಎಂದರೆ ಚಾಳಿನ ಮಾಲಕರು ಗೋವಾ ಎನ್ನುತ್ತಾರೆ, ಎದುರಿನ ಅಂಗಡಿಯವರು ಬೆಳಗಾವಿ ಎನ್ನುತ್ತಾರೆ. ಅವರ ಫೋನ್ ಅಂದಿನಿಂದ ಸ್ವಿಚ್ ಆಫ್. ಪಾದ್ರಿಗಳಲ್ಲಿಯೂ ವಿಳಾಸವಿಲ್ಲ. ಮೀನಿನ ಅಕ್ಕನ ಹತ್ತಿರ ಮಾತ್ರ ಒಂದು ಮಾತು ಬಿಟ್ಟು ಹೋಗಿದ್ದರು.

“ನೋವಲ್ಲೂ ನಿಂದೇ ಹೇಳ್ತಿದ್ರು. ಇನ್ಮೇಲೆ ಮೊದಲಿನ ಅರ್ಧ ಅವನೇ ಹೇಳ್ಲಿ ಅಂದ್ರು. ಎಂತದು ಅದು?”

ನಾನು ಒಳಗೆ ಹೋಗಿ ದೀಪ ಹಚ್ಚಿದೆ.

ಹೋಟೆಲಿನ ಕೆಲಸ ನಿಲ್ಲಲಿಲ್ಲ. ಈಗ ಕುಮಟಾದ ಒಂದು ಔಷಧ ಅಂಗಡಿಯಲ್ಲಿ ಬೆಳಗಿನ ಪಾಳಿ. ಸಂಬಳ ಸಾಲದು, ಆದರೆ ಇದೆ. ಕುವೈತಿನ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೇನೆ. ಏಳಕ್ಕೆ ಮೊದಲ ಅರ್ಧ ಹೇಳಿ ನಿಲ್ಲುತ್ತೇನೆ. ಆಚೆಯ ಖೋಲಿಗೆ ಈಗ ಬಂದರಿನಲ್ಲಿ ದುಡಿಯುವ ಗಂಡಹೆಂಡತಿ ಬಂದಿದ್ದಾರೆ. ನಾನು ಶುರುಮಾಡಿದ ಕೂಡಲೇ ಅವರು ಟಿವಿಯ ಶಬ್ದ ಇಳಿಸುತ್ತಾರೆ, ಯಾರೂ ಹೇಳಿಕೊಟ್ಟದ್ದಲ್ಲ. ಆ ಸುಮ್ಮನಿರುವ ಜಾಗ ಇನ್ನೂ ನೋಯುತ್ತದೆ. ನನಗೆ ನಂಬಿಕೆ ಬಂದಿದೆ ಎಂದು ಬರೆಯಲಾರೆ. ಕೆಲಸ ಕಳೆದುಕೊಂಡು ಒಬ್ಬರೇ ಕುಳಿತು ಇದನ್ನು ಓದುತ್ತಿರುವವರಿಗೆ ನಾನು ಹೇಳಬಲ್ಲದ್ದು ಇಷ್ಟು: ನಂಬಿಕೆ ಬರಲಿ ಎಂದು ಕಾಯದೆ, ನಿಮ್ಮ ಪಾಲಿನ ಅರ್ಧ ಹೇಳಿ. ಗೋಡೆಯಾಚೆ ಯಾರೋ ಅದಕ್ಕಾಗಿಯೇ ಕುಳಿತಿರಬಹುದು.

ಅರವತ್ತು ದಾಟಿದ ಹೆಂಗಸು, ಹೆಸರು ಪತ್ರಿಕೆಯವರ ಹತ್ತಿರ ಇದೆ. ಸಣ್ಣ ಮೈಕಟ್ಟು. ಎಡಗೈಯಲ್ಲಿ ಜಪಸರ ಹಿಡಿಯುತ್ತಾರೆ. ಹೊನ್ನಾವರದ ಚಾಳಿನಿಂದ ಸೊಂಟದ ಪೆಟ್ಟಿನೊಂದಿಗೆ ಹೋದವರು. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ, ನೀವು ಹೋಗಿಬರುವ ಆಸ್ಪತ್ರೆ, ಆಶ್ರಮಗಳಲ್ಲೋ ಇದ್ದರೆ, ಅಥವಾ ಇನ್ನಿಲ್ಲ ಎಂಬುದೇ ನಿಮಗೆ ಗೊತ್ತಿದ್ದರೂ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಗೆರೆ ಬರೆಯಿರಿ. ಇದ್ದರೆ ಅವರಿಗೆ ತಿಳಿಸಿ, ಇಲ್ಲಿ ಮೊದಲ ಅರ್ಧ ಏಳಕ್ಕೆ ಸರಿಯಾಗಿ ನಡೆಯುತ್ತಿದೆ. ನಾಲ್ಕನೇದರಲ್ಲಿ ಈಗ ಓಡುವುದಿಲ್ಲ.