ಐದೂವರೆಗೆ ಕೆಳಗಿನಿಂದ ಬರುವ ಕರೆ

ಸಂಬಳ ತೆಗೆದುಕೊಂಡು ದಿನಕ್ಕೆ ನೂರು ಸಲ ಮೇಲಕ್ಕೇರಿಯೂ ಬದುಕಿನಲ್ಲಿ ಒಂದು ಮಹಡಿಯೂ ಮೇಲೆ ಹೋಗದವನು ನಾನು. ಆಸ್ಪತ್ರೆಯ ಲಿಫ್ಟ್ ನಡೆಸುವವನು. ಜಾಲರಿ ಬಾಗಿಲಿನ ಹಳೇ ಲಿಫ್ಟ್ ಅದು. ಯಾರಾದರೂ ಕಾಲಿಟ್ಟರೆ ಬೆರಳಷ್ಟು ಕುಸಿದು, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಹೊರಡುತ್ತದೆ. ಹತ್ತಿದವರು ಎಷ್ಟು ಜನ, ದೊಡ್ಡವರೋ ಚಿಕ್ಕವರೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಹೇಳಿಕೊಳ್ಳುವಂಥ ವಿದ್ಯೆ ನನಗಿರುವುದು ಅದೊಂದೇ.

ಕೆಲಸಕ್ಕೆ ಸೇರಿದ ದಿನ, ನಿವೃತ್ತನಾಗುತ್ತಿದ್ದ ಹಳಬ ಕೀಲಿಕೈ ಕೊಡುತ್ತಾ ಹೇಳಿದ್ದ.

“ದಿನಾ ಸಂಜೆ ಐದೂವರೆಗೆ ನೆಲಮಾಳಿಗೆಯಿಂದ ಗಂಟೆ ಬರುತ್ತೆ ಕಣಪ್ಪಾ. ಹೋಗು, ಬಾಗಿಲು ತೆಗಿ, ಸುಮ್ನೆ ನಿಂತಿರು.”

“ಯಾರು ಹತ್ತುತಾರೆ?”

“ಯಾರೂ ಹತ್ತಲ್ಲ.”

“ಮತ್ತೆ ಯಾಕೆ ಹೋಗ್ಬೇಕು?”

“ನಾನು ಇಪ್ಪತ್ತು ವರ್ಷ ಕೇಳ್ಲಿಲ್ಲ. ನಿನಗೇನು ಅಷ್ಟು ಆತುರ?”

ಅಂದು ಐದೂವರೆಗೆ ಸರಿಯಾಗಿ ಗಂಟೆ ಬಂತು. ಇಳಿದೆ, ಜಾಲರಿ ಎಳೆದೆ. ಫಿನಾಯಿಲ್ ವಾಸನೆಯ ಉದ್ದನೆಯ ಓಣಿ, ಸಾಲಾಗಿ ಮುಚ್ಚಿದ ಬಾಗಿಲುಗಳು, ಮಿಟುಕುತ್ತಿದ್ದ ಒಂದು ಟ್ಯೂಬ್‌ಲೈಟ್. ಯಾರೂ ಇಲ್ಲ. ಓಣಿಯ ಕೊನೆಯ ಕೋಣೆಯೊಳಗಿನಿಂದ ಒಂದು ಹೆಣ್ಣು ದನಿ ನಿಧಾನವಾಗಿ ಕೂಗಿತು: “ನಾನೂರ ಹದಿನೇಳು.” ಓಣಿಯನ್ನು ನಡೆದು ದಾಟಲು ಬೇಕಾಗುವಷ್ಟು ಹೊತ್ತು ಮೌನ. ಮತ್ತೆ, “ನಾನೂರ ಹದಿನೇಳು.” ಹೀಗೆ ಮೂರು ಸಲ. ಆಮೇಲೆ ಇನ್ನೊಂದು ಸಂಖ್ಯೆ, ಅದೂ ಮೂರು ಸಲ. ಯಾರೂ ಓಗೊಡಲಿಲ್ಲ. ದನಿ ಮಾತ್ರ ನನ್ನ ತಲೆಯ ಮೇಲೆ, ಲಿಫ್ಟಿನ ಕೊಳವೆಯೊಳಗೆ, ಮಹಡಿ ಮಹಡಿ ಹತ್ತಿಕೊಂಡು ಹೋಯಿತು. ನನ್ನ ಮೈಯ ಕೂದಲೆಲ್ಲ ಎದ್ದು ನಿಂತವು. ನನ್ನನ್ನು ಧೈರ್ಯವಂತ ಎಂದು ನಾನಲ್ಲದೆ ಬೇರೆ ಯಾರೂ ಹೇಳಿದ್ದಿಲ್ಲ.

ಕೂಗುತ್ತಿದ್ದವಳು ಸೂಜಿಯಕ್ಕ. ವಯಸ್ಸು ಐವತ್ತೆಂಟು. ಸೋಪಿನಿಂದ ತೊಳೆದೂ ತೊಳೆದೂ ಬಿಳುಚಿಕೊಂಡ ಬೆರಳುಗಳು. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳನ್ನು ಪರೀಕ್ಷಿಸುವ ಆ ಕೋಣೆಯಲ್ಲಿ ಮೂವತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದಳು. ಅಲ್ಲಿ ಹೆಸರು ಕೇಳುವಂತಿಲ್ಲ, ವಿಳಾಸವನ್ನೂ ಕೇಳುವಂತಿಲ್ಲ. ಸಂಖ್ಯೆ ಬರೆದ ಒಂದು ಹಳದಿ ಚೀಟಿ ಕೊಡುತ್ತಾರೆ. ವಾರ ಬಿಟ್ಟು ಚೀಟಿ ತಂದವರಿಗೆ ಮಾತ್ರ ಫಲಿತಾಂಶ. ಬಂದವರ ಮುಖವನ್ನು ಅವಳು ನೋಡುತ್ತಿರಲಿಲ್ಲ, ತೋಳನ್ನಷ್ಟೇ ನೋಡುತ್ತಿದ್ದಳು. “ಮುಖ ಸುಳ್ಳು ಹೇಳುತ್ತೆ, ನರ ಹೇಳಲ್ಲ” ಎನ್ನುತ್ತಿದ್ದಳು.

ಇದೆಲ್ಲ ನನಗೆ ತಿಳಿದದ್ದು ನಾನೇ ಆ ಕುರ್ಚಿಯಲ್ಲಿ ತೋಳು ಚಾಚಿದಾಗ. ಮದುವೆಯಾಗಿ ತಿಂಗಳಾಗಿತ್ತು. ಹೆಂಡತಿ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವವಳು. ಮದುವೆಗೆ ಮುಂಚೆ ನಾನು ಮಾಡಿಕೊಂಡ ಒಂದು ಘನಕಾರ್ಯ, ಆಸ್ಪತ್ರೆಯ ಗೋಡೆಯ ಮೇಲೆ ಈ ಸೋಂಕುಗಳ ಭಿತ್ತಿಪತ್ರ ಓದಿದಾಗಿನಿಂದ ನಿದ್ದೆ ಕೆಡಿಸುತ್ತಿತ್ತು.

“ಯಾವಾಗ ಆಗಿದ್ದು?” ಸೂಜಿಯಕ್ಕ ತೋಳಿಗೆ ಪಟ್ಟಿ ಬಿಗಿದಳು.

“ಮೂರು ತಿಂಗಳ ಮೇಲಾಯ್ತು ಅಕ್ಕ. ಒಂದೇ ಸಲ.”

“ಎಲ್ರೂ ಒಂದೇ ಸಲ ಅಂತಾರೆ. ಲೆಕ್ಕ ಇಡೋ ಕ್ರಿಮಿನ ನಾನಿನ್ನೂ ನೋಡಿಲ್ಲ.”

“ಒಂದು ಹನಿ ರಕ್ತ ನೋಡಿದ್ರೆ ಎಲ್ಲ ಗೊತ್ತಾಗುತ್ತಲ್ವಾ?”

“ಇದೇನು ಕಣಿ ಕೇಳೋದು ಅಂದ್ಕೊಂಡ್ಯಾ? ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ನೋಡ್ತೀವಿ. ಗೊನೊರಿಯಾ, ಕ್ಲಮೀಡಿಯಾಕ್ಕೆ ಮೂತ್ರ ಬೇಕು. ಗಂಟಲಿಗೆ ಸೇರಿದ್ರೆ ಗಂಟಲನ್ನೇ ಹತ್ತಿಕಡ್ಡೀಲಿ ಒರೆಸ್ಬೇಕು. ಹುಣ್ಣಿದ್ರೆ ಹುಣ್ಣನ್ನ. ಬೆರಳು ಚುಚ್ಚಿ ಇಪ್ಪತ್ತು ನಿಮಿಷಕ್ಕೆ ಹೇಳೋದೂ ಉಂಟು, ಆದ್ರೆ ಅದು ಹೌದು ಅಂದ್ರೆ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡ್ಕೋಬೇಕು.”

“ಮಾರನೇ ದಿನವೇ ಬಂದಿದ್ರೆ ಚೆನ್ನಾಗಿತ್ತೇನೋ.”

“ಡಾಕ್ಟರ ಹತ್ರ ಬರೋದು ಒಳ್ಳೇದೇ, ಎಚ್‌ಐವಿ ತಡೆಯೋ ಮಾತ್ರೆ ಮೂರು ದಿನದೊಳಗೆ ಶುರು ಮಾಡ್ಬೇಕು. ಆದ್ರೆ ಪರೀಕ್ಷೆಗೆ ಅದು ಬೇಗ. ಕೆಲವು ಕಾಣೋಕೆ ಎರಡು ವಾರ, ಕೆಲವಕ್ಕೆ ಮೂರು ತಿಂಗಳೂ ಆಗ್ಬಹುದು. ಅಲ್ಲಿವರೆಗೆ ಅದು ಮನೆಯೊಳಗೇ ಕೂತಿರುತ್ತೆ, ಬಾಗಿಲು ತಟ್ಟಿದ್ರೆ ಓ ಅನ್ನಲ್ಲ.” ಸೂಜಿ ಹತ್ತಿರ ತಂದಳು. “ಹುಣ್ಣೇನಾದ್ರೂ ಆಗಿತ್ತಾ?”

“ಒಂದು ಚಿಕ್ಕದು. ನೋವಿರ್ಲಿಲ್ಲ. ತಾನಾಗೇ ಹೋಯ್ತು.”

ಸೂಜಿ ಗಾಳಿಯಲ್ಲೇ ನಿಂತಿತು. “ಅದು ಹೋಗಲ್ಲಪ್ಪಾ. ಒಳಗೆ ಹೋಗುತ್ತೆ.”

ಚುಚ್ಚಿದಳು. ನನ್ನ ಸಂಖ್ಯೆ ಆರುನೂರ ಮೂವತ್ತೆರಡು.

ಫಲಿತಾಂಶದ ದಿನ ಚೀಟಿಯನ್ನು ಕೈಯಲ್ಲಿ ಹಿಡಿದು ನೆಲಮಾಳಿಗೆಗೆ ಇಳಿದೆ. ಜಾಲರಿ ತೆಗೆದೆ. ಲಿಫ್ಟಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನ ಸಂದಿದೆ, ಅದರ ಕೆಳಗೆ ಕತ್ತಲೆಯ ಹಳ್ಳ. ಚೀಟಿ ಅದರೊಳಗೆ ಬಿತ್ತು. ಬಿತ್ತು ಎನ್ನುವುದು ಮರ್ಯಾದೆಯ ಮಾತು. ಬೆರಳು ಸಡಿಲಿಸಿದವನು ನಾನೇ. ಚೀಟಿ ಹೋಯಿತು, ಆದ್ದರಿಂದ ಕಾಯಿಲೆಯೂ ಹೋಯಿತು ಎಂಬ ಅಮೋಘ ತರ್ಕದೊಂದಿಗೆ ಮೇಲೆ ಬಂದು ಟೀ ಕುಡಿದೆ. ಹೆಂಡತಿಯ ಹತ್ತಿರ ಮಾತ್ರ ಸೊಂಟ ನೋವೆಂದು ನೆಪ ಹೇಳಿ ಗೋಡೆಯ ಕಡೆ ತಿರುಗಿ ಮಲಗತೊಡಗಿದೆ. ಆ ಬುದ್ಧಿ ಒಂದು ತಿಂಗಳು ಮುಂಚೆ ಬರಬೇಕಿತ್ತು.

ಮರುದಿನ ಐದೂವರೆಗೆ, ಎಂದಿನಂತೆ ನಾನೂರ ಹದಿನೇಳು. ಆಮೇಲೆ, “ಆರುನೂರ ಮೂವತ್ತೆರಡು.”

ನಾಲ್ಕು ವಾರ ಅದನ್ನು ಕೇಳಿದೆ. ಕರೆಯುವುದು ಫಲಿತಾಂಶ ಒಯ್ಯದವರನ್ನೆಲ್ಲ. ಕರೆದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಅದನ್ನೇ ಹಿಡಿದುಕೊಂಡು ನಿಂತಿದ್ದೆ. ಆದರೆ ದನಿ ಬರಬರುತ್ತ ನನ್ನ ಜೊತೆಗೇ ಮೇಲೆ ಬರಲು ಶುರುವಾಯಿತು. ಎರಡನೇ ಮಹಡಿಯಲ್ಲಿ ಕೇಳಿಸಿತು, ಐದನೆಯದರಲ್ಲೂ. ಮನೆಯಲ್ಲಿ ನಲ್ಲಿ ತಿರುಗಿಸಿದರೆ ಕೊಳವೆಯೊಳಗೂ ಆರುನೂರ ಮೂವತ್ತೆರಡು.

ಒಂದು ಸಂಜೆ ಮೂರನೇ ಮಹಡಿಯಲ್ಲಿ ಹೆಂಡತಿ ಲಿಫ್ಟ್ ಹತ್ತಿದಳು. ನನ್ನ ಕಿವಿಯ ಹತ್ತಿರ ಬಂದು, “ರೀ, ತಿಂಗಳು ಕಳೆದು ಹದಿನೈದು ದಿನ ಆಯ್ತು. ನೋಡಿಸ್ಕೊಂಡೆ. ಹೌದಂತೆ” ಎಂದು ನಕ್ಕಳು. ಅದೇ ಹೊತ್ತಿಗೆ ಕೆಳಗಿನ ಗಂಟೆ ಬಡಿಯಿತು.

ಅವಳನ್ನು ನೆಲ ಅಂತಸ್ತಿನಲ್ಲಿ ಇಳಿಸಿ ನೆಲಮಾಳಿಗೆಗೆ ಹೋದೆ. “ಆರುನೂರ ಮೂವತ್ತೆರಡು” ಎಂದಿತು ದನಿ.

“ಇದ್ದೀನಿ” ಎಂದೆ.

ಓಣಿ ದಾಟಿ ಕೊನೆಯ ಕೋಣೆಯ ಬಾಗಿಲಲ್ಲಿ ನಿಂತೆ. ನಾನು ಹೆದರಿದ್ದು ಸರಿ. ಆ ದಿನ ಅವಳೂ ಹೆದರಿದ್ದಳು. ಅಷ್ಟು ವರ್ಷದಲ್ಲಿ ಆ ಹೊತ್ತಿನಲ್ಲಿ ಓಗೊಟ್ಟವನು ನಾನೇ ಮೊದಲಿಗ.

“ಚೀಟಿ?”

“ಹಳ್ಳಕ್ಕೆ ಬಿತ್ತು ಅಕ್ಕ.”

ಅವಳು ಮೂಲೆಯ ಬಕೆಟ್ಟಿನ ಮುಚ್ಚಳ ತೆಗೆದಳು. ತುಂಬ ಹಳದಿ ಚೀಟಿಗಳು, ಗ್ರೀಸ್ ಮೆತ್ತಿದವು, ಇಲಿ ಕಡಿದವು. “ವರ್ಷಕ್ಕೊಂದ್ಸಲ ರಿಪೇರಿಯವನು ಹಳ್ಳ ಬಳಿದು ತಂದ್ಕೊಡ್ತಾನೆ. ಎಲ್ರ ಕೈಯಿಂದನೂ ಅಲ್ಲಿಗೇ ಬೀಳುತ್ತೆ, ವಿಚಿತ್ರ ನೋಡು. ತೋಳು ಚಾಚು.” ಚಾಚಿದೆ. ಹೆಬ್ಬೆರಳಿನಿಂದ ನರ ಮುಟ್ಟಿ ನೋಡಿದಳು. “ಚೀಟಿ ಬೇಡ, ಇದು ನಾನು ಚುಚ್ಚಿದ ನರಾನೇ. ಸಿಫಿಲಿಸ್ ಇದೆ. ಉಳಿದದ್ದೇನೂ ಇಲ್ಲ. ಚುಚ್ಚುಮದ್ದಿಗೆ ವಾಸಿಯಾಗುತ್ತೆ.”

“ಹೆಂಡತಿ ಬಸುರಿ ಅಕ್ಕ.”

ಅವಳು ಕುಳಿತುಬಿಟ್ಟಳು. ನಾನೂರ ಹದಿನೇಳರ ಕಥೆ ಹೇಳಿದ್ದು ಆಗ. ಬಹಳ ಹಿಂದೆ ಒಬ್ಬಳು ಬಂದು ರಕ್ತ ಕೊಟ್ಟು ಹೋದಳು. ಇದೇ ಸೋಂಕು. ಫಲಿತಾಂಶಕ್ಕೆ ಬರಲಿಲ್ಲ. ನಿಯಮ ನಿಯಮವೇ ಎಂದು ಸೂಜಿಯಕ್ಕ ಕಾಗದವನ್ನು ಡ್ರಾಯರಿನಲ್ಲಿಟ್ಟಳು. ಆರು ತಿಂಗಳಾದ ಮೇಲೆ ಹೆರಿಗೆ ವಾರ್ಡಿನಿಂದ ರಕ್ತ ತೆಗೆಯಲು ಕರೆ ಬಂತು. ತೋಳು ಹಿಡಿದೊಡನೆ ನರದ ಗುರುತು ಸಿಕ್ಕಿತು, ಅಂದೇ ಅವಳಿಗೆ ಹೇಳಿ ಚಿಕಿತ್ಸೆ ಕೊಡಿಸಿದಳು. ಪಕ್ಕದ ತೊಟ್ಟಿಲಿನಲ್ಲಿ ಬಟ್ಟೆ ಮುಚ್ಚಿದ ಕೂಸು, ಹುಟ್ಟುವಾಗಲೇ ಉಸಿರಿರಲಿಲ್ಲ.

“ಅವತ್ತಿಂದ ಗಂಟೆ ಒತ್ತಿ ಬಂದು ಕೂಗ್ತೀನಿ. ಲಿಫ್ಟ್ ಕೆಳಗಿದ್ರೆ ಮೇಲಿನ ಏಳು ಮಹಡಿಯೂ ಖಾಲಿ ಕೊಳವೆ, ದನಿ ಎಲ್ಲ ಕಡೆ ಹೋಗುತ್ತೆ. ಯಾವುದೋ ಕೆಲಸಕ್ಕೆ ಮತ್ತೆ ಬಂದಿದ್ದವರ ಕಿವಿಗೆ ಬಿದ್ದೀತು ಅಂತ. ನಾಳೆ ಬೆಳಿಗ್ಗೆ ಹೆಂಡತೀನ ಕರ್ಕೊಂಡು ಬಾ. ಆಗ ತಡ ಆಗಿತ್ತು, ಈಗ ಆಗಿಲ್ಲ.”

ಮನೆಗೆ ಹೋಗಿ ಹೇಳಿದೆ. ಹೆಂಡತಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಇಟ್ಟಳಲ್ಲ ಎಂದು ನಾನು ಉಸಿರು ಬಿಟ್ಟೆ.

“ನಾಲ್ಕು ವಾರ ನಿಮ್ಮನ್ನ ಕರೀತಿದ್ರು, ನೀವು ಕೇಳ್ತಾ ನಿಂತಿದ್ರಿ. ಅಲ್ವೇನ್ರೀ? ನಿಮ್ಮ ಬಾಯಿ ತೆರೆಸೋಕೆ ಯಾವ ಗುಂಡಿ ಒತ್ಬೇಕಿತ್ತು?”

ಹನ್ನೊಂದು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ, ಲಿಫ್ಟನ್ನೂ ಹತ್ತಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಮೆಟ್ಟಿಲಿಳಿದು ನೆಲಮಾಳಿಗೆಗೆ ತಾನೇ ಹೋಗಿದ್ದಳು. ಅವಳ ರಕ್ತದಲ್ಲೂ ಇತ್ತು. ಇಬ್ಬರಿಗೂ ಚುಚ್ಚುಮದ್ದಾಯಿತು. ಈಗ ಅವಳಿಗೆ ಏಳನೇ ತಿಂಗಳು. ಮತ್ತೆ ಮತ್ತೆ ರಕ್ತ ನೋಡುತ್ತಾರೆ. ಸೋಂಕಿನ ಗುರುತು ಇಳಿಯುತ್ತಿದೆ, ಮಗು ಒದೆಯುತ್ತಿದೆ ಎನ್ನುತ್ತಾರೆ ಡಾಕ್ಟರು. ಹೆಂಡತಿಯೂ ಒದೆಯಬಹುದಿತ್ತು, ಒದ್ದಿಲ್ಲ.

ಈಗ ಐದೂವರೆಗೆ ಗಂಟೆಗಾಗಿ ಕಾಯುವುದಿಲ್ಲ. ನಾನಾಗಿಯೇ ಇಳಿದು ಜಾಲರಿ ತೆರೆದು ನಿಲ್ಲುತ್ತೇನೆ. ಒಂದು ದಿನ ಕೇಳಿದೆ, “ಅಕ್ಕ, ಆ ತಾಯಿಗೆ ಅವತ್ತೇ ಚಿಕಿತ್ಸೆ ಆಯ್ತಲ್ಲ. ನಾನೂರ ಹದಿನೇಳನ್ನ ಇನ್ನೂ ಯಾಕೆ ಕರೀತೀರಿ?”

ಡ್ರಾಯರ್ ಮುಚ್ಚುತ್ತಾ ಹೇಳಿದಳು, “ಆ ನಂಬರಿನಲ್ಲಿ ಇಬ್ಬರಿದ್ದರು ಕಣಪ್ಪಾ. ತಾಯಿಗೆ ಮಾತ್ರ ಹೇಳಿ ಆಗಿದೆ.”

ಅಂದು ಅವಳು ಮೂರನೇ ಸಲ ಕೂಗಿದಾಗ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಲಿಫ್ಟ್ ಕುಸಿಯಿತು. ಬೆರಳಷ್ಟಲ್ಲ, ಉಗುರಿನ ಅಂಚಿನಷ್ಟು. ನಾನು ಕಣ್ಣು ತೆರೆಯಲಿಲ್ಲ. ಜಾಲರಿಯನ್ನು ಸದ್ದಾಗದಂತೆ ಎಳೆದು, ನಿಧಾನವಾಗಿ ಮೇಲೆ ಕರೆದುಕೊಂಡು ಹೋದೆ.