ಆರನೆಯ ಸಂಜೆಯ ಹೂಜಿ

ನೈಲ್ ನದಿಯ ದಡದ ನಮ್ಮ ರಶೀದ್ ಎಂಬ ಊರಿನಲ್ಲಿ ಮಗು ಹುಟ್ಟಿದರೆ ಸುದ್ದಿ ಮೊದಲು ಸೂಲಗಿತ್ತಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ರತೀಬಾಳಿಗೆ. ಅಪ್ಪನಿಗಿಂತ ಮುಂಚೆ ರತೀಬಾಳಿಗೆ ತಲುಪಿದ್ದೂ ಉಂಟು. ಹೆಣ್ಣಾದರೆ ಮಣ್ಣಿನ ಹೂಜಿ, ಗಂಡಾದರೆ ಮೂತಿಯಿರುವ ಗಿಂಡಿ. ಏಳನೆಯ ದಿನದ ಹಬ್ಬಕ್ಕೆ ಅದನ್ನು ಮದುಮಗಳ ಹಾಗೆ, ಮದುಮಗನ ಹಾಗೆ ಸಿಂಗರಿಸಿಕೊಡುವುದು ಅವಳ ಕೆಲಸ. ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಕತ್ತರಿ ಕೆಳಗಿಟ್ಟರೆ ನನಗೆ ಈಚೆ ಕೇಳಿಸುತ್ತದೆ. ನಾನು ಗಂಡನನ್ನು ಬೈದರೆ ಅವಳಿಗೆ ಆಚೆ ಕೇಳಿಸುತ್ತದೆ. ಈ ವ್ಯಾಪಾರದಲ್ಲಿ ಹೆಚ್ಚು ನಷ್ಟ ಅವಳಿಗೇ.

ಹೂಜಿಗಳು ದಕ್ಷಿಣದಿಂದ ದೋಣಿಯಲ್ಲಿ ಬರುತ್ತಿದ್ದವು, ಹುಲ್ಲಿನ ನಡುವೆ ಮಲಗಿಕೊಂಡು. ರತೀಬಾ ಒಂದೊಂದನ್ನೇ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ಆರಿಸುವಳು. ಮನೆಗೆ ತಂದು ಸುಣ್ಣ ಬಳಿದು ಕಿಟಕಿಯಲ್ಲಿ ಒಣಗಲು ಇಡುವಳು. ಬೆಳಗಿನ ಹೊತ್ತು ನೈಲ್ ನದಿಯ ಮೇಲಿನ ಬಿಸಿಲು ಆ ಕಿಟಕಿಯಿಂದ ಒಳಗೆ ಬಂದು ಛಾವಣಿಯ ಮೇಲೆ ಅಲೆಯಾಡುತ್ತಿತ್ತು. ಹೂಜಿಗಳೂ ಅದರೊಡನೆ ಸ್ವಲ್ಪ ಸ್ವಲ್ಪವೇ ಉಸಿರಾಡುತ್ತಿವೆ ಅನ್ನಿಸುತ್ತಿತ್ತು. ನಾನು ಕೆಲಸ ಬಿಟ್ಟು ಅಲ್ಲಿ ಹೋಗಿ ಕೂರುತ್ತಿದ್ದೆ. ಕೂತರೆ ಒಲೆಯ ಮೇಲಿನ ಬೇಳೆ ಸೀಯುವುದು ಖಂಡಿತ.

ದರ್ಜಿ ಅಂಗಡಿಗಳಲ್ಲಿ ಬಿದ್ದ ಚೂರುಬಟ್ಟೆಯೆಲ್ಲ ಅವಳ ಬುಟ್ಟಿಗೆ ಬರುತ್ತಿತ್ತು. ಯಾರದೋ ಮದುವೆಯ ರೇಷ್ಮೆ, ಯಾರದೋ ಪರದೆಯ ಅಂಚು. ಅದರಲ್ಲೇ ಹೂಜಿಗೆ ಲಂಗ, ತಲೆಗೆ ಚೌಕ, ಕೊರಳಿಗೆ ಮಣಿಸರ. ಬಂದವರಿಗೆ ಕೊಡುವ ಕಡಲೆ ಮಿಠಾಯಿಯ ಪುಟ್ಟ ಚೀಲಗಳಿಗೂ ಒಂದೊಂದು ಕಾಗದದ ಗುಲಾಬಿ. ಹೂಜಿಗೆ ಎಲ್ಲ ಮಾಡುವಳು, ಕಣ್ಣು ಮಾತ್ರ ಬರೆಯಳು. "ಕಣ್ಣು ಬರೆದ್ರೆ ಅದು ನನ್ನನ್ನೇ ನೋಡ್ತಾ ಕೂರುತ್ತೆ, ಕೆಲಸ ಸಾಗಲ್ಲ" ಅನ್ನುವಳು.

ಈ ಕೆಲಸಕ್ಕೆ ಅವಳನ್ನು ಹಚ್ಚಿದವಳು ನಾನೇ. ಅವಳ ಮಗಳು ನರ್ಗಿಸ್ ಆರು ವರ್ಷದವಳಿದ್ದಾಗ ದೋಣಿಕಟ್ಟೆಯ ಮೆಟ್ಟಿಲಿನಿಂದ ನದಿಗೆ ಜಾರಿದಳು. ಆಮೇಲೆ ರತೀಬಾ ಚಳಿಗಾಲ ಪೂರ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗ ಹಿಲ್ಮಿಗೆ ಊಟ ಹಾಕಿದವಳು ನಾನು. ಅಷ್ಟರಲ್ಲಿ ನನಗೆ ಎರಡನೆಯ ಗಂಡು ಹುಟ್ಟಿತು. ಹಸಿ ಬಾಣಂತಿ, ಎದ್ದು ಹೋಗಿ ಬರಿಯ ಗಿಂಡಿಯೊಂದನ್ನು ಅವಳ ಮಡಿಲಿಗೆ ಇಟ್ಟು, "ಸತ್ತವಳಿಗೆ ನೀನು ಬೇಕಾಗಿಲ್ಲ ಕಣೇ, ನನ್ನ ಮಗನಿಗೆ ಬೇಕು, ಏಳು" ಎಂದು ಬೈದೆ. ಕಟುವಾದ ಮಾತು. ಆದರೆ ಎದ್ದಳು.

ಇನ್ನು ಮೇಣದಬತ್ತಿಯ ವಿಷಯ. ಆರನೆಯ ಸಂಜೆ ನೀರು ತುಂಬಿದ ತಾಮ್ರದ ತಟ್ಟೆಯ ನಡುವೆ ಹೂಜಿ ನಿಲ್ಲಿಸಿ, ಅಂಚಿಗೆ ಮೂರು ಮೇಣದಬತ್ತಿ ಹಚ್ಚುತ್ತೇವೆ. ಒಂದೊಂದಕ್ಕೆ ಒಂದೊಂದು ಹೆಸರು. ಯಾವುದು ಕೊನೆಯವರೆಗೆ ಉರಿಯುತ್ತದೋ ಆ ಹೆಸರು ಮಗುವಿಗೆ. ಆ ಮೇಣದಬತ್ತಿಗಳನ್ನೂ ರತೀಬಾಳೇ ಮಾಡುತ್ತಿದ್ದಳು. ಅದಕ್ಕೇ ಊರಿನ ಅತ್ತೆಯರೆಲ್ಲ ಅವಳ ಬಾಗಿಲಿಗೆ ಬಂದು ಪಿಸುಗುಟ್ಟುವರು. ಒಬ್ಬಳು ಬಾತುಕೋಳಿಯನ್ನೇ ಹಿಡಿದು ತಂದಿದ್ದಳು.

"ನಮ್ಮ ಕಡೇದು ಒಂಚೂರು ಗಟ್ಟಿಯಾಗಿರ್ಲಿ ತಾಯಿ" ಅಂದರೆ, "ಹೆಸರು ಇಡೋದು ಬೆಂಕಿ ಕೆಲಸ, ನಂದು ಬರೀ ಮೇಣ. ಬಾತುಕೋಳೀನ ಮನೆಗೆ ಕರ್ಕೊಂಡ್ಹೋಗು, ಪಾಪ ಹೆದರಿದೆ" ಎಂದು ಕಳಿಸುವಳು.

ಹಾಗಿದ್ದವಳಿಗೆ ತನ್ನ ಮನೆಯದೇ ಹೂಜಿ ಸಿಂಗರಿಸುವ ದಿನ ಬಂತು. ಹಿಲ್ಮಿಯ ಹೆಂಡತಿ ಅವಾತಿಫ್ ಇರುಳೆಲ್ಲ ನೋವು ತಿಂದು, ನದಿಯಾಚೆ ಸೂರ್ಯ ಮೂಡುವ ಹೊತ್ತಿಗೆ ಹೆಣ್ಣು ಹೆತ್ತಳು. ಕಣ್ಣು ಬಿಟ್ಟು ಕಿಟಕಿಯ ಕಡೆ ನೋಡಿದವಳೇ, "ಶುರೂಕ್" ಅಂದಳು. ಶುರೂಕ್ ಅಂದರೆ ಸೂರ್ಯೋದಯ. ರತೀಬಾ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಅವಳ ಮನಸ್ಸಿನಲ್ಲಿ ಇರುವ ಹೆಸರು ಯಾವುದೆಂದು ಬೀದಿಯ ಬೆಕ್ಕುಗಳಿಗೂ ಗೊತ್ತಿತ್ತು.

ಹಿಲ್ಮಿ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. "ಮೇಣದಬತ್ತಿ ಏನ್ ಹೇಳುತ್ತೋ ಅದು" ಎಂದು ಚಪ್ಪಲಿ ಮೆಟ್ಟಿಕೊಂಡು ಕಾಫಿ ಅಂಗಡಿಗೆ ಹೋದ. ಗಂಡಸರ ನ್ಯಾಯ!

ಮೂರನೆಯ ಹೆಸರನ್ನು ಅವನ ಸೋದರತ್ತೆ ಖದ್ರಿಯಾ ಕೊಟ್ಟಳು. ಕಣ್ಣು ಮಂಜಾದ ಮುದುಕಿ, ಬಾಯಿ ಮಂಜಾಗಿರಲಿಲ್ಲ. "ಇನ್ನೊಂದು ಯಾವ್ದಿಡೋಣ ಅಂತ ಯೋಚ್ನೆ ಮಾಡ್ಬೇಡಿ, ಖದ್ರಿಯಾ ಅಂತಿಡಿ. ಈ ವಂಶದಲ್ಲಿ ಬಾಳಿ ತೋರಿಸಿರೋಳು ನಾನೊಬ್ಳೇ" ಎಂದಳು.

ಅವಾತಿಫ್ ರತೀಬಾಳ ಕೈ ಹಿಡಿದು ಒಂದೇ ಮಾತು ಹೇಳಿದಳು. "ಅತ್ತೆ, ಮೇಣದಬತ್ತಿ ಬೇರೆ ಯಾರೇ ಮಾಡಿದ್ರೂ ನಂಗೆ ಅನುಮಾನ ಇರ್ತಿತ್ತು. ನೀವು ಮಾಡ್ತಿದೀರಲ್ಲ, ಏನ್ ಬಂದ್ರೂ ಒಪ್ಕೋತೀನಿ."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಮಾರನೆಯ ಮಧ್ಯಾಹ್ನ ಹೂಜಿಯ ಲಂಗಕ್ಕೆ ಅಂಚು ಕಟ್ಟಲು ಹೋದಾಗ ಆ ಸಮಾಧಾನ ಮಾಯವಾಯಿತು. ರತೀಬಾ ಮೇಣ ಕರಗಿಸುತ್ತಿದ್ದಳು. ಎರಡು ಅಚ್ಚುಗಳಿಗೆ ಎಂದಿನ ದಾರ, ಎಂದಿನ ಮೇಣ. ಮೂರನೆಯದಕ್ಕೆ ದಾರದ ಎಳೆ ಬಿಡಿಸಿ ತೆಳ್ಳಗೆ ಮಾಡಿದಳು. ಉಗುರಿನ ತುದಿಯಲ್ಲಿ ಏನೋ ಬಿಳಿಯ ಪುಡಿ ಎತ್ತಿ ಮೇಣಕ್ಕೆ ಉದುರಿಸಿದಳು.

"ಏನೇ ಅದು?"

"ಉಪ್ಪು."

"ಸಾರು ಮಾಡ್ತಿದೀಯಾ?"

ಅವಳು ನಗಲಿಲ್ಲ. ಉಪ್ಪು ಬಿದ್ದರೆ ಉರಿ ನಿಧಾನ ಎಂದು ನನಗೂ ಗೊತ್ತು.

"ಊರಿನ ಅತ್ತೆಯರಿಗೆಲ್ಲ ಬುದ್ಧಿ ಹೇಳಿದೋಳು ನೀನು! ಆ ಹುಡುಗಿ ನಿನ್ನ ಕೈ ಹಿಡ್ಕೊಂಡು ಹೇಳಿದ್ಲಲ್ಲೇ, ನಾಚ್ಕೆ ಆಗಲ್ವಾ?"

"ಆಗುತ್ತೆ" ಎಂದಳು. ಮೇಣ ಕಲಕುತ್ತಲೇ ಇದ್ದಳು. "ತಫೀದಾ, ಇಪ್ಪತ್ತು ವರ್ಷದ ಮೇಲಾಯ್ತು ಆ ಹೆಸರನ್ನ ಜೋರಾಗಿ ಕೂಗಿ. ಮನಸ್ನಲ್ಲೇ ಕೂಗಿ ಕೂಗಿ ಗಂಟ್ಲು ಒಣಗಿದೆ. ಒಂದ್ಸಲ ಬಾಗ್ಲಲ್ಲಿ ನಿಂತು, ಬೀದಿಗೆಲ್ಲ ಕೇಳೋ ಹಾಗೆ, 'ನರ್ಗಿಸ್, ಊಟಕ್ಕೆ ಬಾರೇ' ಅನ್ಬೇಕು. ಒಳಗಿಂದ ಯಾರಾದ್ರೂ 'ಬಂದೆ' ಅನ್ಬೇಕು. ಅಷ್ಟೇ."

ನನ್ನ ಬಾಯಿಗೆ ಊರೇ ಹೆದರುತ್ತದೆ. ಅಂದು ಆ ಬಾಯಿಯಲ್ಲಿ ದಾರದ ತುದಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದೆ. ಕೂತು ಅಂಚು ಕಟ್ಟಿದೆ.

ಅಂಥ ಹೂಜಿಯನ್ನು ಅವಳು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಮುಂಜಾನೆಯ ಮುಗಿಲಿನ ಬಣ್ಣದ ಲಂಗ, ಮೂರು ಸುತ್ತು ನಿರಿಗೆ. ತಲೆಯ ಮೇಲೆ ಮಲ್ಲಿಗೆ ಮೊಗ್ಗಿನಷ್ಟೇ ಸಣ್ಣ ಬಟ್ಟೆಯ ಹೂಗಳ ದಂಡೆ. ತಟ್ಟೆಯ ನೀರಿನಲ್ಲಿ ಅದರ ನೆರಳು ತಲೆಕೆಳಗಾಗಿ ನಿಂತಿತ್ತು. ನೋಡುತ್ತ ಹೋದರೆ ಯಾವುದು ಹೂಜಿ, ಯಾವುದು ನೆರಳು ಎಂದು ಗುರುತು ತಪ್ಪುತ್ತಿತ್ತು. ಸಂಜೆಯ ಮಗ್ರಿಬ್ ನಮಾಜಿನ ಕೂಗು ಮುಗಿದ ಮೇಲೆ ಕಿಟಕಿಗಳನ್ನು ಮುಚ್ಚಿ ಮೂರೂ ಮೇಣದಬತ್ತಿ ಹಚ್ಚಿದೆವು. ಕೋಣೆ ಎಲ್ಲ ಗೋಡೆಗಳಿಂದ ಬಿಡಿಸಿಕೊಂಡು ಎಲ್ಲಿಗೋ ತೇಲಿಹೊರಟ ಹಾಗಾಯಿತು. ಅವಾತಿಫ್ ಮಂಚದ ಮೇಲೆ ಮಗುವಿಗೆ ಹಾಲು ಕೊಡುತ್ತಿದ್ದಳು, ರತೀಬಾ ತಟ್ಟೆಯ ಪಕ್ಕ ನೆಲದ ಮೇಲೆ ಕೂತಿದ್ದಳು, ಹಿಲ್ಮಿ ಬಾಗಿಲಿಗೆ ಒರಗಿ ನಿಂತಿದ್ದ. ಮೇಣ ಕರಗುವ ವಾಸನೆಗೆ, ಮಗುವಿನ ಗುಟುಕಿನ ಸದ್ದಿಗೆ ನನಗೆ ಜೊಂಪು ಹತ್ತಿತ್ತು.

ಖದ್ರಿಯಾಳ ಮೇಣದಬತ್ತಿ ಎಲ್ಲಕ್ಕಿಂತ ಮೊದಲು ಚಟಪಟ ಎಂದು ಆರಿತು.

"ಆರಿದ್ದು ಯಾವ್ದು? ನಂದಾ? ಅದಕ್ಕೆ ಮೇಣ ಕಮ್ಮಿ ಹಾಕಿದಾರೆ!" ಎಂದು ಮೂಲೆಯಿಂದ ಮುದುಕಿ ಜಗಳ ತೆಗೆದಳು.

"ನೀನು ಬಾಳಿದ್ದು ಸಾಕಾಗ್ಲಿಲ್ವಾ, ಮೇಣದಬತ್ತೀನೂ ಬಾಳ್ಬೇಕಾ?" ಎಂದೆ. ಅವಾತಿಫ್ ನಕ್ಕಳು. ರತೀಬಾ ನಗಲಿಲ್ಲ.

ಉಳಿದದ್ದು ಎರಡು. ಶುರೂಕಳದು ಬೆರಳಿನ ಒಂದು ಗೆಣ್ಣಿನಷ್ಟು ಇತ್ತು. ನರ್ಗಿಸಳದು ಅದರ ಎರಡರಷ್ಟು, ಉರಿ ತೆಳ್ಳಗೆ, ಅಲುಗಾಡದೆ ನಿಂತಿತ್ತು. ಇನ್ನು ನೋಡುವುದೇನೂ ಉಳಿದಿರಲಿಲ್ಲ. ಅವಾತಿಫ್ ಬಹಳ ಹೊತ್ತು ಆ ಎರಡು ಉರಿಗಳನ್ನು ನೋಡಿದಳು. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ, ಹೊಸ ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡುವ ಹಾಗೆ, ಮೆಲ್ಲಗೆ ಆ ಹೆಸರನ್ನು ಹೇಳಿ ನೋಡಿದಳು.

"ನರ್ಗಿಸ್. ನರ್ಗಿಸ್ ಕಂದಾ." ಕೊಟ್ಟ ಮಾತಿಗೆ ತಪ್ಪದ ಹುಡುಗಿ. ದನಿಯಲ್ಲಿ ಕಹಿ ಇರಲಿಲ್ಲ, ಕೊಂಕೂ ಇರಲಿಲ್ಲ.

ರತೀಬಾಳ ಕಣ್ಣುಗಳು ಮುಚ್ಚಿಕೊಂಡವು. ಅವಳ ಮುಖದಲ್ಲಿ ಅಂಥ ಸುಖವನ್ನು ನಾನು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

ಅವಾತಿಫ್ ಮಗುವಿನ ಕಿವಿಗೆ ಇನ್ನೂ ಮೆಲ್ಲಗೆ ಹೇಳುತ್ತಿದ್ದಳು. "ನರ್ಗಿಸ್, ನೀರಿನ ಹತ್ರ ಹೋಗ್ಬಾರ್ದು ಕಂದಾ. ಮೆಟ್ಲು ಇಳೀಬಾರ್ದು. ಹೋಗಲ್ಲ ತಾನೆ? ಅಮ್ಮನ ಕಣ್ಣು ತಪ್ಪಿಸಿ ಹೋಗಲ್ಲ ತಾನೆ?"

ಆರು ದಿನದ ಕೂಸು. ಕತ್ತು ನಿಂತಿರಲಿಲ್ಲ. ತಾಯಿ ಆಗಲೇ ಅದನ್ನು ನೀರಿನಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ರತೀಬಾ ಕಣ್ಣು ತೆರೆದಳು. ಸೊಸೆಯನ್ನು ನೋಡಿದಳು. ಏನು ಕಂಡಳೆಂದು ನನಗೆ ಗೊತ್ತು: ತಾನು ದಿನವೂ ಅನುಭವಿಸಿದ ಸಂಕಟವನ್ನು ಆ ಹುಡುಗಿ ಪ್ರತಿ ಸಲ ಮಗುವನ್ನು ಕರೆಯುವಾಗ ಅನುಭವಿಸುವಳು. ರತೀಬಾ ಎರಡು ಬೆರಳನ್ನು ತಟ್ಟೆಯ ನೀರಿಗೆ ಅದ್ದಿದಳು. ದಾರದ ತುದಿ ಚಿವುಟುವ ಹಾಗೆ, ಎತ್ತರವಾಗಿ ಉರಿಯುತ್ತಿದ್ದ ಆ ಮೇಣದಬತ್ತಿಯ ಕುಡಿಯನ್ನು ಹಿಸುಕಿದಳು.

ಚುಂಯ್ ಎಂದಿತು. ಹೊಗೆ ನೆಟ್ಟಗೆ ಮೇಲೇರಿತು.

"ಗಾಳಿ" ಎಂದೆ ನಾನು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಲ್ಮಿ ಮುಖ ಆಚೆ ತಿರುಗಿಸಿಕೊಂಡು, "ಹೌದು, ಗಾಳಿ" ಎಂದ. ಅವಾತಿಫ್ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

"ಈಗ ಆರಿದ್ದು ಯಾವ್ದು?" ಮೂಲೆಯಿಂದ ಖದ್ರಿಯಾ ಕೇಳಿದಳು. "ಯಾರಾದ್ರೂ ಹೇಳ್ರೇ, ನಂಗೆ ಕಾಣಲ್ಲ. ಯಾರ್ದು ಆರಿತು?"

"ನಂದು ಕಣಮ್ಮ" ಎಂದಳು ರತೀಬಾ. "ನಮ್ಮ ಶುರೂಕಳದು ಉರೀತಾ ಇದೆ."